ಪಿಸುಮಾತು ಬಾರದ ಹೊಲಿಗೆ ಅಕ್ಕೋರು

ಅವರಿಗೆ ಪಿಸುಮಾತು ಬರುತ್ತಿರಲಿಲ್ಲ. ಗುಟ್ಟು ಹೇಳಬೇಕೆಂದು ಕಿವಿಯ ಹತ್ತಿರ ಬಾಯಿ ತಂದು, ಕೈ ಅಡ್ಡ ಹಿಡಿದು, ದನಿ ಇಳಿಸಿ ಹೇಳಿದರೂ ಅದು ಓಣಿಯ ಕೊನೆಯ ಮನೆಯವರೆಗೆ ಸ್ವಚ್ಛವಾಗಿ ಕೇಳುತ್ತಿತ್ತು. "ಮೂಲಿಮನಿ ಸೊಸಿ ಬಸುರಿ ಅಂತ್ರಿ, ಇನ್ನೂ ಯಾರಿಗೂ ಹೇಳಿಲ್ಲ" ಎಂದು ನನ್ನ ಕಿವಿಯಲ್ಲಿ ಉಸುರಿದ ದಿನ ಆ ಸೊಸೆಯೇ ಬಾಗಿಲಿಗೆ ಬಂದು, "ಅಕ್ಕೋರ, ನಮ್ಮ ಅತ್ತಿಗೆ ಇನ್ನೂ ನಾನ ಹೇಳಿದ್ದಿಲ್ರಿ" ಎಂದು ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ಅಷ್ಟರಲ್ಲಿ ಅತ್ತೆಯೂ ಬೆಲ್ಲ ಹಿಡಿದುಕೊಂಡು ಬಂದೇಬಿಟ್ಟರು.

ಈಚೆಗೆ ಅವರು ತೀರಿಕೊಂಡ ಸುದ್ದಿ ಬಂತು. ತುಂಬಿದ ವಯಸ್ಸು, ಮಲಗಿದಲ್ಲೇ ಹೋದರಂತೆ. ನನಗೆ ಅಳು ಬರಬೇಕಿತ್ತು, ಬಂದದ್ದು ನಗು. ನನ್ನ ಸೊಸೆ ಗಾಬರಿಯಾಗಿ ಮುಖ ನೋಡಿದಳು. ಅವಳನ್ನು ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಅವರಿಗೆ ಎರಡು ಹೆಸರಿದ್ದವು, ಒಂದನ್ನು ಬರೆದರೆ ಇನ್ನೊಂದಕ್ಕೆ ಮೋಸ ಮಾಡಿದಂತಾಗುತ್ತದೆ.

ನಾನು ಸವಣೂರಿನವಳು. ಎಪ್ಪತ್ತರ ದಶಕ ಅರ್ಧ ಕಳೆದಿದ್ದಾಗ ಹಾನಗಲ್ಲ ತಾಲೂಕಿನ ತಿಳವಳ್ಳಿಗೆ ಕನ್ನಡ ಶಾಲೆಯ ಟೀಚರಾಗಿ ಬಂದೆ. ನನ್ನ ಬಾಡಿಗೆ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಊರಿಗೆ ನಾನು ಸಾಲಿ ಅಕ್ಕೋರು, ಅವರು ಹೊಲಿಗಿ ಅಕ್ಕೋರು. ನಲವತ್ತೈದು ದಾಟಿದ ಎತ್ತರದ ಹೆಂಗಸು, ದಪ್ಪ ಕನ್ನಡಕ, ತಲೆಯ ಮೇಲೆ ಸದಾ ಸೆರಗು, ಹಣೆ ತುಂಬ ಕುಂಕುಮ. ನನಗಿಂತ ಸ್ವಲ್ಪ ಮೊದಲು ಒಂದು ಹೊಲಿಗೆ ಮಷಿನ್ನು ಮತ್ತು ಒಂದು ಟ್ರಂಕಿನೊಂದಿಗೆ ಬಸ್ಸಿನಿಂದ ಇಳಿದವರು, ಗೌಡರ ಹಳೇ ಮನೆಯ ಮುಂದಿನ ಖೋಲಿಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ಮೆಟ್ರಿಕ್ ಫೇಲಾದವರು, ಲಗ್ನ ಗೊತ್ತಾಗಬೇಕಾದವರು, ಮನೆಯಲ್ಲಿ ಕೂತು ಬೇಸತ್ತವರು ಎಲ್ಲ ಅಲ್ಲಿ ಸೇರುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನೂ ಅಲ್ಲೇ ಇರುತ್ತಿದ್ದೆ.

ಅಳತೆ ತೆಗೆದುಕೊಳ್ಳುವ ಮೊದಲು ಅವರು ಹುಡುಗಿಯನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ನಡೆಸಿ ನೋಡುತ್ತಿದ್ದರು. "ನೆಲಾ ನೋಡ್ಕೋತ ನಡೀಬ್ಯಾಡ. ನೆಲ ಎಲ್ಲೂ ಓಡಿ ಹೋಗಂಗಿಲ್ಲ" ಎನ್ನುತ್ತಿದ್ದರು. ಹೊಲಿಗೆ ಕಲಿತವರು ಎಷ್ಟು ಜನವೋ ಗೊತ್ತಿಲ್ಲ, ತಲೆಯೆತ್ತಿ ನಡೆಯಲು ಕಲಿತವರು ಬಹಳ.

ಅವರ ಯಜಮಾನರು ಮುಂಬಯಿಯಲ್ಲಿದ್ದರು. ನಾನು ಮೊದಲ ಸಲ ಕೇಳಿದಾಗ ಗಿರಣಿಯಲ್ಲಿ ಕೆಲಸಕ್ಕಿದ್ದರು, ಮಳೆಗಾಲದ ಹೊತ್ತಿಗೆ ಬಂದರಿನಲ್ಲಿ ಕಾರಕೂನರಾದರು, ದೀಪಾವಳಿಗೆ ರೈಲ್ವೆ ಸೇರಿದರು. ಒಮ್ಮೆ ಆರಡಿ ಎತ್ತರ ಬೆಳೆದರೆ ಇನ್ನೊಮ್ಮೆ ನನ್ನಷ್ಟೇ ಗಿಡ್ಡಾಗುತ್ತಿದ್ದರು. ಒಂದು ದಿನ ಹೆಂಡತಿಗಾಗಿ ಸಿಂಹಾಸನವನ್ನೇ ಬಿಟ್ಟುಬರುವಂಥ ದೊಡ್ಡ ಗುಣದವರು, ಮರುವಾರ ಮೂಗಿನ ತುದಿಯಲ್ಲೇ ಸಿಟ್ಟು. ಹುಡುಗಿಯರು ಆ ಯಜಮಾನರ ಕಥೆಯನ್ನು ಧಾರಾವಾಹಿಯಂತೆ ಕೇಳುತ್ತ ಕಾಜಾ ಹೊಲಿಯುತ್ತಿದ್ದರು. ಅಂಥ ಗಂಡ ಯಾಕೆ ಒಮ್ಮೆಯೂ ಊರಿಗೆ ಬರುವುದಿಲ್ಲ ಎಂದು ಯಾರೂ ಕೇಳಲಿಲ್ಲ. ಬಂದುಬಿಟ್ಟರೆ ಕಥೆ ಮುಗಿಯುತ್ತದಲ್ಲ.

ಕುಬಸಗಳಿಗೆ ಅವರು ಹುಕ್ಕು ಹಾಕುತ್ತಿರಲಿಲ್ಲ, ಟಿಚ್ ಬಟನ್ ಹಾಕುತ್ತಿದ್ದರು. ಹಿರೇಕೆರೂರಿಗೆ ಕೊಟ್ಟ ಒಬ್ಬ ಹುಡುಗಿ ವರನಿಗೆ ಮಾಲೆ ಹಾಕಲು ಕೈ ಎತ್ತಿದಾಗ ಕುಬಸದ ಬಟನ್ನುಗಳೆಲ್ಲ ಒಂದರ ಹಿಂದೊಂದು ಟಿಚ್ ಟಿಚ್ ಎಂದು ಬಿಚ್ಚಿಕೊಂಡವು. ಪಕ್ಕದಲ್ಲಿದ್ದ ಸೋದರತ್ತೆ ಸೆರಗು ಎಳೆದು ಮಾನ ಉಳಿಸಿದಳು. ನಾನು ಕೇಳಿದರೆ, "ಲಗೂನ ಬದಲಸಾಕ ಬರ್ಲಿ ಅಂತ ಹಾಕಿದ್ದೆರಿ" ಎಂದರು. ಮದುಮಗಳು ಯಾಕೆ ಅಷ್ಟು ಬೇಗ ಬಟ್ಟೆ ಬದಲಿಸಬೇಕು ಎಂದು ಕೇಳಿದೆ. ಬಿಕ್ಕುವಷ್ಟು ನಕ್ಕರು, ಅಷ್ಟೆ. ನನಗೆ ಅನುಮಾನವೂ ಬರಲಿಲ್ಲ. ನಾನು ಅಂಥ ಜಾಣೆಯೇನಲ್ಲ.

ದಾರ, ಬಟನ್ ತರಲು ಹಾನಗಲ್ಲಿಗೆ ಹೋಗುವಾಗ ನನ್ನನ್ನೂ ಜೊತೆಗೆ ಎಳೆದುಕೊಳ್ಳುತ್ತಿದ್ದರು. ಒಬ್ಬ ವಯಸ್ಸಾದ ಕಂಡಕ್ಟರ್ ಟಿಕೆಟ್ ಹರಿಯುತ್ತ, "ನಿಮ್ಮನ್ನ ಎಲ್ಲೋ ನೋಡೇನಲ್ರಿ ಬಾಯಾರ" ಎಂದ. ಅವರು ಸೆರಗು ಇನ್ನಷ್ಟು ಮುಂದೆ ಎಳೆದು, "ನಾನೂ ನಿಮ್ಮನ್ನ ನೋಡೇನಿ ನೋಡ್ರಿ, ಹೋದ ಗುರುವಾರ ಇದ ಬಸ್ಸಿನ್ಯಾಗ" ಎಂದರು. ಬಸ್ಸೆಲ್ಲ ನಕ್ಕಿತು. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಯಾವುದೋ ನಾಟಕ ಕಂಪನಿಯ ಪೋಸ್ಟರು ಹಚ್ಚಿದ್ದರೆ ಮಾತ್ರ ಅವರು ಅದರ ಮುಂದೆ ನಿಂತು ಮೇಲಿಂದ ಕೆಳಗೆ ನೋಡಿ, "ಈ ಹುಡುಗಿಗೆ ನಿಂದ್ರಾಕ ಯಾರೂ ಹೇಳಿಕೊಟ್ಟಿಲ್ಲ" ಎಂದು ಬೇಸರದಿಂದ ಮುಂದೆ ನಡೆಯುತ್ತಿದ್ದರು.

ಇನ್ನು ಗೌಡಶಾನಿಯ ವಿಷಯ ಹೇಳಬೇಕು. ಹೊಲಿಗೆ ಖೋಲಿ ಅವರದು, ಬಾಡಿಗೆ ಕೇಳಿದವರಲ್ಲ. ಮೊಮ್ಮಗಳು ಗಿರಿಜಾಳನ್ನು ಮೊದಲು ಕಳಿಸಿದವರೂ ಅವರೇ. ಗೌಡಶಾನಿ ತಮ್ಮ ಹುಡುಗಿಯನ್ನು ಕಳಿಸಿದರೆಂದೇ ಉಳಿದ ಮನೆಯವರು ತಮ್ಮ ಹುಡುಗಿಯರನ್ನು ಕಳಿಸಿದ್ದು. ಅರವತ್ತರ ಹತ್ತಿರದ ಗಟ್ಟಿ ಹೆಂಗಸು, ಗಂಡ ತೀರಿ ಹೋಗಿ ವರ್ಷಗಳಾಗಿದ್ದವು. ಆ ಗಂಡನಿಗೆ ನಾಟಕದ ಹುಚ್ಚು. ಶಿಗ್ಗಾವಿಗೋ ಹಾನಗಲ್ಲಿಗೋ ಕಂಪನಿ ಬಂದು ತಂಬು ಹೊಡೆಯಿತೆಂದರೆ ಗೌಡರು ಚಕ್ಕಡಿ ಕಟ್ಟಿಸಿ ಹೊರಟೇಬಿಡುತ್ತಿದ್ದರಂತೆ. ಅದರಲ್ಲೂ ಒಬ್ಬ ನಾಯಕಿಯ ನಾಟಕವಿದ್ದರೆ ಬೆಳೆ ಕೊಯ್ಲಿಗೆ ಬಂದಿದ್ದರೂ ನಿಲ್ಲುತ್ತಿರಲಿಲ್ಲ. ಆಕೆಯನ್ನು ಅವರು ಮಾತಾಡಿಸಿದ್ದೂ ಇಲ್ಲ, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ನೋಡಿದ್ದಷ್ಟೇ. ಆದರೂ ಗೌಡಶಾನಿಗೆ ಆ ನಾಯಕಿಯೆಂದರೆ ಸವತಿ.

ಕುಬಸದ ಅಳತೆ ಕೊಡಲು ನಿಂತಾಗೆಲ್ಲ ಅವರಿಗೆ ಅದೇ ನೆನಪು. "ಆಕಿ ಬಾಯಾಗ ಮಣ್ಣ ಬೀಳ್ಲಿ. ನಾಟಕದಾಕಿ ಅಂದ್ರ ಮನಿ ಮುರಿಯಾಕಂತ ಹುಟ್ಟಿದಾಕಿ. ಹೌದಲ್ರಿ ಅಕ್ಕೋರ?" ಎಂದು ಆ ನಾಯಕಿಯ ಹೆಸರು ಹಿಡಿದು ಬಯ್ಯುತ್ತಿದ್ದರು. ಅಕ್ಕೋರು ಟೇಪು ಹಿಡಿದುಕೊಂಡು, ಬಾಯಲ್ಲಿ ಬಟ್ಟೆಗೆ ಚುಚ್ಚುವ ಟಾಚಣಿ ಕಚ್ಚಿಕೊಂಡು, "ಹೂಂ ರಿ" ಎನ್ನುತ್ತಿದ್ದರು.

ಹೀಗಿರುವಾಗ ನಮ್ಮವ್ವ ಸವಣೂರಿನ ಎಲೆಯ ಕಟ್ಟು ಹಿಡಿದುಕೊಂಡು ನನ್ನ ಮನೆಗೆ ಬಂದಳು. ನಮ್ಮವ್ವನ ಬಾಯಿಗೆ ಬಾಗಿಲಿಲ್ಲ. ಅವಳ ತವರು ಹಿರೇಬೆಂಡಿಗೇರಿ. ಶಿಗ್ಗಾವಿಯಲ್ಲಿ ಕಂಪನಿ ಇದ್ದಾಗ ಅಣ್ಣಂದಿರ ಬೆನ್ನು ಹತ್ತಿ ಹೋಗಿ ನಾಟಕ ನೋಡಿದವಳು, ಹಾಡುಗಳನ್ನು ಇಂದಿಗೂ ರೊಟ್ಟಿ ಬಡಿಯುತ್ತ ಗುನುಗುವವಳು. ಬಂದ ಮಧ್ಯಾಹ್ನ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಾಗ ಗೋಡೆಯಾಚೆಯಿಂದ ಅಕ್ಕೋರು ಮಜ್ಜಿಗೆಯವಳನ್ನು ಕೂಗಿದರು. ಅವ್ವನ ಬೆರಳು ನಿಂತಿತು.

"ಯಾರ ಆಕಿ?"

"ಹೊಲಿಗಿ ಅಕ್ಕೋರು."

"ಹೊಲಿಗಿ ಅಂತ, ಹೊಲಿಗಿ" ಎಂದು ಅವ್ವ ಎದ್ದಳು. ನಾನು ಹಿಂದೆಯೇ ಓಡಿದೆ. ಅವ್ವ ಅವರ ಬಾಗಿಲಲ್ಲಿ ನಿಂತು, ಮುಖ ನೋಡಿ, ಸಣ್ಣ ದನಿಯಲ್ಲಿ ಆ ನಾಯಕಿಯ ಹೆಸರು ಹಿಡಿದು ಕರೆದು, ಐದು ಎಲೆ ಜೋಡಿಸಿ ಮೇಲೊಂದು ಅಡಿಕೆಯಿಟ್ಟು ಎರಡೂ ಕೈಯಿಂದ ನೀಡಿದಳು. ನಮ್ಮ ಕಡೆ ಕಲಾವಿದರಿಗೆ ವೀಳ್ಯ ಕೊಡುವ ರೀತಿ ಅದು. ಅಕ್ಕೋರು ಓಣಿಯ ಆಚೀಚೆ ನೋಡಿದರು. ಆಮೇಲೆ ಮೆಲ್ಲಗೆ ಕೈ ಚಾಚಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಗೌಡಶಾನಿ ಇಷ್ಟು ದಿನ ಹೆಸರು ಹಿಡಿದು ಬಯ್ಯುತ್ತಿದ್ದದ್ದು ಇವರನ್ನೇ ಎಂದು ನನಗೆ ಆಗ ತಿಳಿಯಿತು.

ಅಂದು ಅವರು ಬಾಗಿಲು ಕಿಟಕಿ ಎಲ್ಲ ಮುಚ್ಚಿ, ತಮ್ಮ ಪಿಸುಮಾತಿನ ಭಯಕ್ಕೆ ಮಷಿನ್ನು ತುಳಿಯುತ್ತಲೇ ನಮ್ಮಿಬ್ಬರಿಗೆ ಹೇಳಿದರು. ಮಾಲೀಕರು ತೀರಿದ ಮೇಲೆ ಕಂಪನಿ ಒಡೆದಿತ್ತು. ಬೇರೆ ಕಂಪನಿಯವರು ಕರೆದರು, ಇವರು ಹೋಗಲಿಲ್ಲ. ಮುಂಬಯಿಯ ಯಜಮಾನರು ಎಲ್ಲಿದ್ದಾರೆ ಎಂದು ನಾನು ಕೇಳಿದೆ. "ಎಲ್ಲಾ ನಾಟಕದಾಗಿನ ಗಂಡಂದಿರ್ರಿ" ಎಂದರು.

"ಕಂಪನ್ಯಾಗ ಇದ್ದಾಗ ಊರಿಗೆ ಊರ ನನ್ನ ನೋಡಾಕ ಬರ್ತಿತ್ರಿ. ಒಬ್ಬಾಕಿನೂ ಮನಿಗೆ ಕರದು ಕುಂಕುಮ ಹಚ್ಚಲಿಲ್ಲ. ಇಲ್ಲಿ ನನ್ನ ಯಾರೂ ನೋಡಂಗಿಲ್ಲ, ಎಲ್ಲಾರೂ ಕರೀತಾರ. ಬಸುರಿ ಕುಬಸಕ್ಕ ಕರೀತಾರ, ತೊಟ್ಟಲಕ್ಕ ಕರೀತಾರ. ಗೊತ್ತಾತಂದ್ರ ಗೌಡಶಾನೇರು ಖೋಲಿ ಬಿಡಸ್ತಾರ, ಹುಡುಗ್ಯಾರನ್ನ ಮನ್ಯಾಗ ಇಟ್ಕೋತಾರ. ಮಷಿನ್ ಹೊತಗೊಂಡು ಇನ್ನೊಂದ ಊರು ಹುಡುಕೂ ವಯಸ್ಸಲ್ರಿ ನಂದು."

ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಅವ್ವಾರ ಬಾಯಿ ಹೆಂಗರಿ?" ಎಂದು ಕೇಳಿದರು. ಅವ್ವನೇ ಹೇಳಿದಳು. "ಇವತ್ತಿನತನಾ ಚಲೋ ಇರಲಿಲ್ರಿ. ಇನ್ನ ನೋಡ್ರಿ."

ಅವ್ವ ಆಡಿದಂತೆ ನಡೆದುಕೊಂಡಳು, ಆದರೆ ಪಟ್ಟ ಪಾಡು ದೇವರಿಗೇ ಪ್ರೀತಿ. ಬಾವಿಕಟ್ಟೆಯಲ್ಲಿ ಹೆಂಗಸರು ನಾಟಕದ ಮಾತು ತೆಗೆದರೆ ಸಾಕು, ಅವಸರದಲ್ಲಿ ಬಾಯಿಗೆ ಎರಡೆರಡು ಎಲೆ ತುರುಕಿಕೊಳ್ಳುತ್ತಿದ್ದಳು. ಸವಣೂರಿಗೆ ಹೋದವಳು ತಿಂಗಳಿಗೊಮ್ಮೆ ಏನಾದರೊಂದು ನೆವ ಮಾಡಿ ತಿರುಗಿ ಬರುತ್ತಿದ್ದಳು. ಮಗಳನ್ನು ನೋಡಲು ಎಂದು ಊರವರು ತಿಳಿದಿದ್ದರು. ನನಗೆ ಹಾಗೆ ತಿಳಿಯುವ ಭಾಗ್ಯವಿರಲಿಲ್ಲ, ಬಂದವಳು ನೇರ ಗೋಡೆಯಾಚೆಯ ಮನೆಗೇ ಹೋಗುತ್ತಿದ್ದಳು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಪಂಚಮಿ. ಜೋಕಾಲಿ ಆಡಿ, ಉಂಡಿ ತಿಂದು ದಣಿದ ಹೊಲಿಗೆ ಕ್ಲಾಸಿನ ಹುಡುಗಿಯರಿಗೆ ನಾಟಕ ಮಾಡುವ ಹುಕಿ ಬಂತು. ಗಿರಿಜಾ ಅಜ್ಜಿಯನ್ನು ಕಾಡಿ ಬೇಡಿ ಒಪ್ಪಿಸಿದಳು. ಗೌಡಶಾನಿ ಹಾಕಿದ ಕರಾರು: ಹಗಲಿನಲ್ಲೇ ಆಗಬೇಕು, ನಮ್ಮ ಮನೆಯಲ್ಲೇ ಆಗಬೇಕು, ಒಬ್ಬ ಗಂಡಸೂ ಸುಳಿಯಬಾರದು. ಕಥೆ ಹುಡುಗಿಯರೇ ಕಟ್ಟಿದ್ದು, ಉಂಡಿ ಕದಿಯುವ ಅತ್ತೆಯನ್ನು ಸೊಸೆಯಂದಿರು ಹಿಡಿಯುವುದು. ವೇಷದ ಬಟ್ಟೆ ಅಕ್ಕೋರು ಹೊಲಿದುಕೊಟ್ಟರು. ತಾಲೀಮು ನಡೆಯುವಾಗ ಮಾತ್ರ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಹಾಗೆ ಕೂತಲ್ಲಿಂದಲೇ ತಡೆಯಲಾರದೆ, "ಗಿರಿಜಾ, ಬಾಗಲದಾಗ ನಿಂತಾಕಿಗೆ ನಿನ್ನ ಮಾತು ಮುಟ್ಟಲಿಲ್ಲ" ಎನ್ನುತ್ತಿದ್ದರು.

ಗೌಡರ ಮನೆಯಲ್ಲಿ ದನ ಕಟ್ಟುವ ಅಂಕಣ ಕೆಳಗೆ, ಅದಕ್ಕಿಂತ ಎದೆಯೆತ್ತರ ಮೇಲೆ ಪಡಸಾಲೆ. ದನಗಳನ್ನು ಹಿತ್ತಲಿಗೆ ಅಟ್ಟಿ, ಅಂಕಣ ಸಾರಿಸಿ ಚಾಪೆ ಹಾಸಿದರು. ಪಡಸಾಲೆಯೇ ರಂಗವಾಯಿತು. ಊರಿನ ಹೆಂಗಸರೆಲ್ಲ ಕೂಸು ಕುನ್ನಿ ಕಟ್ಟಿಕೊಂಡು ಬಂದು ತುಂಬಿದರು. ನಮ್ಮವ್ವ ಹಿಂದಿನ ದಿನವೇ ಬಂದು ಕಂಬದ ಪಕ್ಕ ಜಾಗ ಹಿಡಿದಿದ್ದಳು. ನಾಟಕ ಹೇಗಿತ್ತು ಎಂದು ಕೇಳಬೇಡಿ. ಕದ್ದ ಉಂಡಿಯನ್ನು ಅತ್ತೆಯ ಪಾತ್ರದ ಹುಡುಗಿ ನಿಜವಾಗಿಯೂ ತಿಂದು ಬಿಕ್ಕಳಿಸಿ ಮಾತು ಮರೆತಳು, ನಾವು ನಕ್ಕು ನಕ್ಕು ಸತ್ತೆವು.

ನಮ್ಮ ಕಡೆ ನಾಟಕವೆಂದರೆ ಆಯೇರ ಮಾಡಲೇಬೇಕು. ಮೆಚ್ಚಿದವರು ರಂಗದ ಮೇಲೆ ಹೋಗಿ ಪಾತ್ರಧಾರಿಗೆ ಬಟ್ಟೆಯನ್ನೋ ಕಾಯಿಯನ್ನೋ ಕೊಡುತ್ತಾರೆ, ಪಾತ್ರಧಾರಿ ಮುಂದೆ ಬಂದು ಕೊಟ್ಟವರ ಹೆಸರು ಹೇಳಿ ವಂದಿಸುತ್ತಾರೆ. ಹುಡುಗಿಯರಿಗೆಲ್ಲ ಆದ ಮೇಲೆ ಗೌಡಶಾನಿ ಒಂದು ಕುಬಸದ ಖಣ ಹಿಡಿದು, "ಬಟ್ಟಿ ಹೊಲದ ಅಕ್ಕೋರು ಮ್ಯಾಲ ಬರ್ರಿ" ಎಂದರು. ಅಕ್ಕೋರು ಒಲ್ಲೆನೆಂದರು. ಹುಡುಗಿಯರು ರಟ್ಟೆ ಹಿಡಿದು ಎಳೆದರು.

ಪಡಸಾಲೆಯ ಅಂಚಿಗೆ ಬಂದವರು ತಲೆ ಬಾಗಿಸಿ ಕಟ್ಟೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕಂಪನಿಯವರು ರಂಗ ಹತ್ತುವ ಮೊದಲು ಮಾಡುವುದು ಅದೇ. ಮೇಲೆ ಹತ್ತಿದರು, ಖಣ ತೆಗೆದುಕೊಂಡರು. ಕೆಳಗೆ ತುಂಬಿದ ಸಭೆ, ಕೈಯಲ್ಲಿ ಆಯೇರ. ಅವರ ಕಾಲುಗಳು ಯಾರನ್ನೂ ಕೇಳದೆ ಮುಂದೆ ನಡೆದವು. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ನಡುವೆ ಒಮ್ಮೆ ಕೈ ಮುಗಿದು, ಹಿತ್ತಲಿನ ದನಗಳಿಗೂ ಕೇಳುವ ದನಿಯಲ್ಲಿ ಹೇಳಿದರು: "ನಮ್ಮ ಕಲೆಯನ್ನು ಮೆಚ್ಚಿ ಆಯೇರ ಮಾಡಿದ ಗೌಡಶಾನಿಯವರಿಗೆ, ನಮ್ಮ ನಾಟಕ ಕಂಪನಿಯ ಸಕಲ ಕಲಾವಿದರ ಪರವಾಗಿ ಅನಂತ ಅನಂತ ವಂದನೆಗಳು."

ಹೇಳಿ ಮುಗಿದ ಮೇಲೆ ತಾವು ಹೇಳಿದ್ದು ಅವರಿಗೇ ಕೇಳಿಸಿತು. ಸೆರಗು ತಲೆಯಿಂದ ಜಾರಿತ್ತು, ಎಳೆದುಕೊಳ್ಳಲೂ ಇಲ್ಲ.

"ಯಾವ ಕಂಪನಿರಿ ಅಕ್ಕೋರ?" ಎಂದರು ಗೌಡಶಾನಿ.

ನಾನು ಎದ್ದು, "ಚ್ಯಾಷ್ಟಿ ಮಾಡ್ಯಾರ್ರಿ ಅವ್ರು" ಎಂದೆ. ಅಕ್ಕೋರು ನನ್ನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದರು. ಕಂಪನಿಯ ಹೆಸರು ಹೇಳಿದರು. ತಮ್ಮ ಹಳೆಯ ಹೆಸರೂ ಹೇಳಿದರು. ಆ ಹೆಸರು ಗೊತ್ತಿಲ್ಲದ ಹೆಂಗಸು ಅಲ್ಲಿರಲಿಲ್ಲ, ಗೌಡಶಾನಿಯ ಬಾಯಲ್ಲೇ ಕೇಳಿದ್ದರಲ್ಲ.

ಗೌಡಶಾನಿ ಅಲ್ಲೇ ಮಣೆ ಎಳೆದುಕೊಂಡು ಕೂತರು.

"ಇಷ್ಟ ವರ್ಷ ನನ್ನ ಕುಬಸ ಹೊಲದ್ರಿ. ನಾ ನಿಮ್ಮನ್ನ ಬೈಯೂದು ಕೇಳ್ಕೋತ ಹೊಲದ್ರಿ."

"ಹೌದ್ರಿ."

"ಬೈದಾಗೆಲ್ಲಾ ಹೂಂ ಅಂದ್ರಿ."

"ಬಾಯಾಗ ಟಾಚಣಿ ಇದ್ದುವ್ರಿ."

ಯಾರೋ ಒಬ್ಬಳು ಕಿಸಕ್ಕೆಂದಳು. ಅಂಕಣವೆಲ್ಲ ನಗೆ ತಡೆದುಕೊಂಡು ನಡುಗಿತು. ಗೌಡಶಾನಿ ಮಾತ್ರ ನಗಲಿಲ್ಲ. ಅಕ್ಕೋರು ಖಣವನ್ನು ಅವರ ಮುಂದೆ ಇಟ್ಟು, "ನಾಳಿಗೆ ಖೋಲಿ ಖಾಲಿ ಮಾಡ್ತೇನ್ರಿ. ಹುಡುಗ್ಯಾರದೇನೂ ತಪ್ಪಿಲ್ಲ" ಎಂದರು. ದನಿ ಮೊದಲ ಬಾರಿಗೆ ಪಕ್ಕದವರಿಗಷ್ಟೇ ಕೇಳುವಷ್ಟು ಸಣ್ಣದಾಗಿತ್ತು.

ಕಂಬದ ಪಕ್ಕದಿಂದ ನಮ್ಮವ್ವ ಎದ್ದಳು. ಬಾಯಲ್ಲಿದ್ದ ಎಲೆಯನ್ನು ಹೊರಗೆ ಹೋಗಿ ಉಗುಳಿ ಬಂದು ಹೇಳಿದಳು. "ಗೌಡಶಾನೇರ, ನಾ ಈಕಿ ನಾಟಕ ನೋಡೇನ್ರಿ. ಶಿಗ್ಗಾವ್ಯಾಗ."

ಗೌಡಶಾನಿ ತಿರುಗಿದರು. "ನೀವ ನೋಡೀರಿ. ನಮ್ಮವ್ರು ನೋಡಿದ್ರು. ಊರ ಗಂಡಸರೆಲ್ಲಾ ನೋಡಿದ್ರು. ನನ್ನ ಒಮ್ಮಿ ಅಂದ್ರ ಒಮ್ಮಿ ಕರಕೊಂಡ ಹೋಗಲಿಲ್ಲ. ಹೆಂಗ ಇರ್ತಿತ್ತವ್ವಾ ಅದು?"

"ಹೇಳಾಕ ಬರಂಗಿಲ್ರಿ" ಎಂದಳು ಅವ್ವ. "ನೋಡಬೇಕರಿ."

"ಹಂಗಾರ ನೋಡೂಣು" ಎಂದು ಗೌಡಶಾನಿ ಮಣೆ ಎತ್ತಿಕೊಂಡು ಕೆಳಗಿಳಿದು, ಎಲ್ಲರಿಗಿಂತ ಮುಂದೆ ಹಾಕಿ ಕೂತರು.

ಅಕ್ಕೋರು ಕನ್ನಡಕ ತೆಗೆದು ಗಿರಿಜಾಳ ಕೈಗೆ ಕೊಟ್ಟರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. ದಂಡಿಗೆ ಹೊರಟ ರಾಜ, ಕಳಿಸಲು ಒಲ್ಲದ ರಾಣಿ, ಎರಡೂ ಅವರೇ. ಬಲಕ್ಕೆ ತಿರುಗಿದರೆ ಮೀಸೆ ಕಾಣುತ್ತಿತ್ತು, ಎಡಕ್ಕೆ ತಿರುಗಿದರೆ ಹದಿನೆಂಟರ ಹುಡುಗಿ. ಹಾಡಿಗೆ ಪೇಟಿ ಇಲ್ಲ, ತಬಲಾ ಇಲ್ಲ, ಅವ್ವ ಕಂಬದ ಮೇಲೆ ತಾಳ ಹಾಕಿದಳು. ರಾಣಿ ರಾಜನ ಕಿವಿಯಲ್ಲಿ ಒಂದು ಗುಟ್ಟು ಉಸುರಿದಾಗ ಅದು ಹಿಂದಿನ ಬಾಗಿಲ ಮುದುಕಿಗೂ ಮುಟ್ಟಿ ಆಕೆ ಕಣ್ಣೊರೆಸಿಕೊಂಡಳು. ಒಂದೇ ಗೋಡೆಯಾಚೆ ಇಷ್ಟು ವರ್ಷ ಇದ್ದೂ ನಾನು ಆ ದನಿಯನ್ನು ನಿಜವಾಗಿ ಕೇಳಿರಲಿಲ್ಲವೆಂದು ನನಗೆ ಅಂದು ಗೊತ್ತಾಯಿತು.

ಮುಗಿದ ಮೇಲೆ ಯಾರೂ ಏಳಲಿಲ್ಲ. ಎಲ್ಲರ ಕಣ್ಣೂ ಗೌಡಶಾನಿಯ ಮೇಲೆ. ಅವರು ನಿಧಾನವಾಗಿ ಮೂಗು ಒರೆಸಿಕೊಂಡರು.

"ನಮ್ಮವ್ರು ಮುಂಜಾನಿ ಹೊತ್ತ ಹೊಂಟ ಮ್ಯಾಲರೆ ಮನಿಗೆ ಬರ್ತಿದ್ರು" ಎಂದರು. "ನಾನಾಗಿದ್ರ ಬರ್ತಿದ್ದಿಲ್ಲ."

ತಡೆದಿದ್ದ ನಗೆಯೆಲ್ಲ ಒಮ್ಮೆಗೇ ಒಡೆಯಿತು. ಆ ಗದ್ದಲದ ನಡುವೆ ಗೌಡಶಾನಿ ಎದ್ದು ಖಣವನ್ನು ತಿರುಗಿ ಅಕ್ಕೋರ ಉಡಿಗೆ ಹಾಕಿ, ಹಣೆಗೆ ಕುಂಕುಮ ಹಚ್ಚಿದರು. "ನಾಳೆ ಕ್ಲಾಸ್ ಐತ್ಯಲ್ರಿ?" ಎಂದು ಕೇಳಿದರು.

"ನೀವು ಕಳಸಿದ್ರ ಐತ್ರಿ."

ಗೌಡಶಾನಿ ಮೊಮ್ಮಗಳ ಕಡೆ ತಿರುಗಿದರು.

"ಗಿರಿಜಾ, ನಾಳೆ ಹೋಗೂ ಮುಂದ ನನ್ನೂ ಕರಕೊಂಡ ಹೋಗವಾ."